ಉರಿಯಿಲ್ಲದ ಒಲೆಯ ಒಳಗುಟ್ಟು

ಕನ್ನಡದ ಅಡುಗೆಮನೆಯಲ್ಲಿ ಬಿಸಿಗೆ ಸಂಬಂಧಿಸಿದ ಕ್ರಿಯಾಪದಗಳಿಗೆ ಬರವಿಲ್ಲ. ಹಾಲನ್ನು ಕಾಯಿಸುತ್ತಾರೆ, ಸಾರನ್ನು ಕುದಿಸುತ್ತಾರೆ, ಬೇಳೆಯನ್ನು ಬೇಯಿಸುತ್ತಾರೆ, ರವೆಯನ್ನು ಹುರಿಯುತ್ತಾರೆ, ಬದನೆಕಾಯಿಯನ್ನು ಸುಡುತ್ತಾರೆ, ಸಂಡಿಗೆಯನ್ನು ಕರಿಯುತ್ತಾರೆ, ಬೆಣ್ಣೆಯನ್ನು ಕಾಸುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳಿದರೆ ಮನೆಯ ಹಿರಿಯರು ನಕ್ಕಾರು. ಈ ಕ್ರಿಯೆಗಳು ಎಷ್ಟೇ ಬೇರೆ ಬೇರೆಯಾದರೂ ಒಂದು ವಿಷಯದಲ್ಲಿ ಮಾತ್ರ ಎಲ್ಲವೂ ಒಂದೇ. ಬಿಸಿ ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಮೊದಲು ಒಲೆ ಉರಿಯಬೇಕು, ಆಮೇಲೆ ಪಾತ್ರೆ ಕಾಯಬೇಕು, ಪಾತ್ರೆಯಿಂದ ನೀರಿಗೋ ಎಣ್ಣೆಗೋ ಹಬೆಗೋ ಬಿಸಿ ದಾಟಬೇಕು, ಕಡೆಗೆ ಆಹಾರದ ಸರದಿ.

ಮೈಕ್ರೋವೇವ್ ಒಲೆ ಈ ಸರದಿಯನ್ನೇ ಕೆಡಿಸಿತು. ಒಳಗಿಟ್ಟ ಗಾಜಿನ ಬಟ್ಟಲು ಬೆಚ್ಚಗಿರುತ್ತದೆ, ಅದರೊಳಗಿನ ಸಾರು ನಾಲಗೆ ಸುಡುತ್ತದೆ. ಉರಿಯಿಲ್ಲ, ಕೆಂಡವಿಲ್ಲ, ಹೊಗೆಯಿಲ್ಲ. ಈ ಕೆಲಸಕ್ಕೆ ನಮ್ಮಲ್ಲಿ ಇನ್ನೂ ಒಂದು ಕ್ರಿಯಾಪದ ಹುಟ್ಟಿಲ್ಲ. ‘ಓವನ್‌ನಲ್ಲಿ ಇಡು’ ಎಂದು ಹೇಳಿ ಎಲ್ಲರೂ ಸುಮ್ಮನಾಗುತ್ತಾರೆ. 1990ರ ದಶಕದ ಉತ್ತರಾರ್ಧದಿಂದ ಈಚೆಗೆ ನಮ್ಮ ನಗರಗಳ ಮನೆಗಳಿಗೆ ಇದು ಬರತೊಡಗಿದಾಗ ಅದರ ಜೊತೆಗೇ ಒಂದು ಅಂಜಿಕೆಯೂ ಬಂತು. ಅದರಿಂದ ‘ವಿಕಿರಣ’ ಬರುತ್ತದೆಯಂತೆ, ಅನ್ನದ ಸತ್ವ ಹೋಗುತ್ತದೆಯಂತೆ, ಎದುರು ನಿಲ್ಲಬಾರದಂತೆ. ಈ ಅಂತೆಗಳ ಬಗ್ಗೆ ಹೆದರಿದ ಮನೆಗಳಲ್ಲೇ ಮಗುವಿನ ಹಾಲಿನ ಬಾಟಲಿಯನ್ನು ಅದರೊಳಗಿಟ್ಟು ಬಿಸಿಮಾಡುವುದೂ ಉಂಟು. ಭಯವೇನೋ ಇದೆ, ಆದರೆ ಇರಬೇಕಾದ ಕಡೆ ಇಲ್ಲ. ಅದನ್ನು ಸರಿಯಾದ ಕಡೆಗೆ ತಿರುಗಿಸಬೇಕಾದರೆ ಈ ಪೆಟ್ಟಿಗೆಯೊಳಗೆ ನಡೆಯುವುದೇನು ಎಂಬುದನ್ನು ಕೊಂಚ ತಿಳಿಯಬೇಕು.

ಮೈಕ್ರೋವೇವ್ ಒಲೆ ಅಡುಗೆಯವರ ಕಲ್ಪನೆಯಲ್ಲಿ ಹುಟ್ಟಿದ್ದಲ್ಲ, ಯುದ್ಧದಲ್ಲಿ ಹುಟ್ಟಿದ್ದು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟನ್ನಿಗೆ ಜರ್ಮನಿಯ ವಿಮಾನಗಳನ್ನು ದೂರದಿಂದಲೇ ಪತ್ತೆ ಹಚ್ಚುವ ರೇಡಾರ್ ತುರ್ತಾಗಿ ಬೇಕಾಗಿತ್ತು. ವಿಮಾನದೊಳಗೇ ಹಿಡಿಸುವಷ್ಟು ಸಣ್ಣ ರೇಡಾರ್ ಬೇಕಿದ್ದರೆ ಅಲೆಗಳೂ ಗಿಡ್ಡವಾಗಿರಬೇಕು, ಜೊತೆಗೆ ಪ್ರಬಲವಾಗಿಯೂ ಇರಬೇಕು. 1940ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಜಾನ್ ರಾಂಡಲ್ ಮತ್ತು ಹ್ಯಾರಿ ಬೂಟ್ ಎಂಬ ಇಬ್ಬರು ಭೌತವಿಜ್ಞಾನಿಗಳು ತಾಮ್ರದ ದಿಮ್ಮಿಯಲ್ಲಿ ಗೂಡುಗಳನ್ನು ಕೊರೆದು ಮಾಡಿದ ಮ್ಯಾಗ್ನೆಟ್ರಾನ್ ಎಂಬ ಕೊಳವೆ ಈ ಎರಡೂ ಬೇಡಿಕೆಗಳನ್ನು ಪೂರೈಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೆನ್ರಿ ಟಿಜಾರ್ಡ್ ನೇತೃತ್ವದ ನಿಯೋಗ ಅದನ್ನು ಅಟ್ಲಾಂಟಿಕ್ ದಾಟಿಸಿ ಅಮೆರಿಕಕ್ಕೆ ಕೊಟ್ಟಿತು. ಬ್ರಿಟನ್ನಿನ ಬಳಿ ಗುಟ್ಟು ಇತ್ತು, ಅಮೆರಿಕದ ಬಳಿ ಕಾರ್ಖಾನೆಗಳಿದ್ದವು.

ಅಂಥ ಕಾರ್ಖಾನೆಗಳಲ್ಲೊಂದು ಮ್ಯಾಸಚೂಸೆಟ್ಸ್‌ನ ರೇಥಿಯಾನ್. ಅಲ್ಲಿ ಮ್ಯಾಗ್ನೆಟ್ರಾನ್‌ಗಳ ತಯಾರಿಕೆಯನ್ನು ಹಲವು ಪಟ್ಟು ಹೆಚ್ಚಿಸಿದವನು ಪರ್ಸಿ ಸ್ಪೆನ್ಸರ್. 1894ರಲ್ಲಿ ಮೇಯ್ನ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಹುಟ್ಟಿದ ಈತ ಶಾಲೆಯನ್ನು ಮುಗಿಸಿದವನಲ್ಲ. ಹುಡುಗನಾಗಿದ್ದಾಗಲೇ ಗಿರಣಿ ಸೇರಿ, ಆಮೇಲೆ ನೌಕಾಪಡೆಯಲ್ಲಿ ನಿಸ್ತಂತು ಕೆಲಸ ಕಲಿತು, ಉಳಿದ ವಿದ್ಯೆಯನ್ನು ತಾನೇ ಪುಸ್ತಕ ಓದಿ ಸಂಪಾದಿಸಿದವನು. 1945ರಲ್ಲಿ ಚಾಲೂ ಇದ್ದ ಮ್ಯಾಗ್ನೆಟ್ರಾನಿನ ಹತ್ತಿರ ನಿಂತಿದ್ದಾಗ ಜೇಬಿನಲ್ಲಿದ್ದ ಸಿಹಿಯ ಬಿಲ್ಲೆ ಕರಗಿಹೋಯಿತೆಂದೂ, ಅವನು ಕೂಡಲೇ ಜೋಳದ ಕಾಳು ತರಿಸಿ ಅರಳು ಸಿಡಿಸಿದನೆಂದೂ, ಮರುದಿನ ಇಟ್ಟ ಮೊಟ್ಟೆ ಸಹೋದ್ಯೋಗಿಯ ಮುಖಕ್ಕೆ ಸಿಡಿಯಿತೆಂದೂ ಕಥೆಯಿದೆ. ಸೇಬು ಬಿದ್ದ ನ್ಯೂಟನ್ನನ ಕಥೆಯಂತೆ ಇದೂ ಹೇಳಿ ಹೇಳಿ ನುಣುಪಾಗಿದೆ. ರೇಡಿಯೋ ಅಲೆಗಳಿಂದ ಪದಾರ್ಥ ಬಿಸಿಯಾಗುವುದು ಆ ಹೊತ್ತಿಗೆ ತಿಳಿಯದ ಸಂಗತಿಯೇನಲ್ಲ. 1933ರ ಷಿಕಾಗೋ ಮೇಳದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ಎರಡು ಲೋಹದ ತಟ್ಟೆಗಳ ನಡುವೆ ಆಹಾರವಿಟ್ಟು ರೇಡಿಯೋ ಅಲೆಗಳಿಂದ ಬೇಯಿಸಿ ತೋರಿಸಿತ್ತು. ಸ್ಪೆನ್ಸರನ ಹಿರಿಮೆ ಬಿಲ್ಲೆ ಕರಗಿದ್ದರಲ್ಲಿಲ್ಲ. ಅಲೆಗಳನ್ನು ಲೋಹದ ಪೆಟ್ಟಿಗೆಯೊಳಗೆ ಕೂಡಿಹಾಕಿದರೆ ಅದು ಒಲೆಯಾದೀತೆಂದು ಕಂಡುಕೊಂಡು 1945ರ ಅಕ್ಟೋಬರಿನಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರಲ್ಲಿದೆ.

1947ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ‘ರೇಡಾರೇಂಜ್’ ಆಳೆತ್ತರ ಇತ್ತು, ಸುಮಾರು 340 ಕಿಲೋ ತೂಗುತ್ತಿತ್ತು, ತಂಪಾಗಿಡಲು ನೀರಿನ ಕೊಳಾಯಿ ಜೋಡಿಸಬೇಕಿತ್ತು. ಹೋಟೆಲು, ಹಡಗುಗಳಿಗಷ್ಟೇ ಸರಿ. 1955ರಲ್ಲಿ ಟಪ್ಪನ್ ಕಂಪನಿ ಮನೆಗೆಂದು ಮಾಡಿದ್ದರ ಬೆಲೆ 1,295 ಡಾಲರ್, ಕೊಂಡವರು ವಿರಳ. 1967ರಲ್ಲಿ ಅಮಾನಾ ಹೆಸರಿನಲ್ಲಿ 495 ಡಾಲರಿಗೆ ಕಟ್ಟೆಯ ಮೇಲೆ ಕೂರುವ ಒಲೆ ಬಂದ ಮೇಲೆಯೇ ಇದು ಗೃಹಿಣಿಯರ ಕೈಗೆ ಸಿಕ್ಕಿತು. ಈ ನಡುವೆ ಜಪಾನಿನ ಶಾರ್ಪ್ ಕಂಪನಿ ಒಳಗಿನ ತಟ್ಟೆಯನ್ನು ತಿರುಗುವಂತೆ ಮಾಡಿತು. ಅದು ಏಕೆ ತಿರುಗಬೇಕು ಎಂಬುದನ್ನು ಮುಂದೆ ನೋಡೋಣ.

ಭಾರತಕ್ಕೆ ಈ ಅಲೆಗಳು ಹೊಸಬರಲ್ಲ. 1890ರ ದಶಕದಲ್ಲೇ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಮಿಲಿಮೀಟರುಗಳಲ್ಲಿ ಅಳೆಯುವಷ್ಟು ಗಿಡ್ಡ ಅಲೆಗಳನ್ನು ಹುಟ್ಟಿಸಿ ತೋರಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆಗೆ ತಳಪಾಯ ಹಾಕಿದವರಲ್ಲಿ ಒಬ್ಬರು ಕನ್ನಡದ ಹೆಣ್ಣುಮಗಳು, ರಾಜೇಶ್ವರಿ ಚಟರ್ಜಿ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿದ ಅವರು ಪತಿ ಶಿಶಿರ ಕುಮಾರ ಚಟರ್ಜಿಯವರೊಡನೆ ಸಂಸ್ಥೆಯಲ್ಲಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ಅಲ್ಲಿ ನಡೆದದ್ದು ಆಂಟೆನಾಗಳ ಕೆಲಸ, ಅಡುಗೆಯದಲ್ಲ. ಆದರೂ ಅಡುಗೆಮನೆಯ ಪೆಟ್ಟಿಗೆಯನ್ನು ಪರದೇಶದ ಮಾಟವೆಂಬಂತೆ ನೋಡುವವರು ಈ ಹೆಸರನ್ನು ನೆನೆಯಬಹುದು.

ಇನ್ನು ಪೆಟ್ಟಿಗೆಯೊಳಗಿನ ಕಥೆ. ಮ್ಯಾಗ್ನೆಟ್ರಾನ್ ಸೂಸುವ ಅಲೆಯ ಆವರ್ತನ 2,450 ಮೆಗಾಹರ್ಟ್ಸ್, ಎಂದರೆ ಸೆಕೆಂಡಿಗೆ 245 ಕೋಟಿ ಸಲ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ. ಅಲೆಯ ದಿಕ್ಕು ಬದಲಾದಂತೆಲ್ಲ ಅಣುವೂ ತಿರುಗಲು ಹೆಣಗುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಎಲ್ಲರೂ ಒಟ್ಟಿಗೆ ಹಿಂದುಮುಂದಾದರೆ ಏನಾದೀತೋ ಹಾಗೆ ಪಕ್ಕದ ಅಣುಗಳನ್ನು ತಿಕ್ಕುತ್ತದೆ. ಆ ಗಲಾಟೆಯೇ ಬಿಸಿ. ಸಕ್ಕರೆ, ಕೊಬ್ಬುಗಳೂ ಸ್ವಲ್ಪ ಮಟ್ಟಿಗೆ ಅಲೆಯನ್ನು ಹೀರುತ್ತವೆ. ಒಣಗಿದ ಗಾಜು, ಪಿಂಗಾಣಿ, ಕಾಗದ ಹೆಚ್ಚಾಗಿ ಹೀರುವುದಿಲ್ಲ, ಅಲೆ ಅವುಗಳ ಮೂಲಕ ಹಾದುಹೋಗುತ್ತದೆ. ಲೋಹ ಅಲೆಯನ್ನು ಕನ್ನಡಿಯಂತೆ ಹಿಂದಕ್ಕೆ ತಳ್ಳುತ್ತದೆ.

ಮೈಕ್ರೋವೇವ್ ಆಹಾರವನ್ನು ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆ ಎಂಬ ಮಾತು ಎಲ್ಲೆಡೆ ಇದೆ. ಅದು ಸರಿಯಲ್ಲ. ಅಲೆಗಳು ನೀರಿರುವ ಪದಾರ್ಥದೊಳಕ್ಕೆ ಒಂದೆರಡು ಸೆಂಟಿಮೀಟರ್ ಹೋಗುವಷ್ಟರಲ್ಲಿ ಬಹುಮಟ್ಟಿಗೆ ಸೋತುಹೋಗುತ್ತವೆ. ಅಲ್ಲಿಂದ ನಡುವಿಗೆ ಬಿಸಿ ಹೋಗುವುದು ಹಳೆಯ ದಾರಿಯಲ್ಲೇ, ನಿಧಾನವಾಗಿ. ಹಾಗಾಗಿಯೇ ಗಟ್ಟಿಯಾದ ಬಿಸಿಬೇಳೆಭಾತಿನ ದೊಡ್ಡ ಬಟ್ಟಲಿನ ಅಂಚು ಕೊತಕೊತ ಎನ್ನುತ್ತಿದ್ದರೂ ನಡುವೆ ಕೈಯಿಟ್ಟರೆ ಫ್ರಿಜ್ಜಿನ ತಂಪು ಹಾಗೇ ಉಳಿದಿರುತ್ತದೆ.

ಇದರ ಮೇಲೆ ಇನ್ನೊಂದು ತೊಡಕು. ಲೋಹದ ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಒಂದರ ಮೇಲೊಂದು ಬಿದ್ದು, ಕೆಲವೆಡೆ ಬಲಗೊಂಡು ಕೆಲವೆಡೆ ಅಳಿದುಹೋಗುತ್ತವೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಹಸಿ ಹಪ್ಪಳವೇ ಸಾಕು. ತಿರುಗುವ ತಟ್ಟೆಯನ್ನು ನಿಲ್ಲಿಸಿ ಹಪ್ಪಳಗಳನ್ನು ಹರಡಿ ಕೆಲವು ಸೆಕೆಂಡು ಇಟ್ಟರೆ ಅಲ್ಲಲ್ಲಿ ಬೊಕ್ಕೆಯೆದ್ದು ಅರಳಿ, ಉಳಿದ ಕಡೆ ಹಸಿಯಾಗಿಯೇ ಇರುತ್ತವೆ. ಅರಳಿದ ಜಾಗಗಳ ನಡುವಿನ ಅಂತರ ಹೆಚ್ಚುಕಡಿಮೆ ಅಲೆಯುದ್ದದ ಅರ್ಧ, ಆರು ಸೆಂಟಿಮೀಟರಿನ ಆಸುಪಾಸು. ತಟ್ಟೆ ತಿರುಗುವುದು ಈ ಏರುಪೇರನ್ನು ಸರಿದೂಗಿಸಲು. ಆದರೂ ಪೂರ್ತಿ ಸರಿದೂಗುವುದಿಲ್ಲ. ಮೈಕ್ರೋವೇವ್ ಬಳಕೆಯ ಒಳ್ಳೆಯ ಅಭ್ಯಾಸಗಳಲ್ಲಿ ಬಹುಪಾಲು ಈ ಒಂದು ದೋಷಕ್ಕೆ ಮಾಡಿಕೊಂಡ ಪರಿಹಾರಗಳೇ.

ವಿಕಿರಣದ ಭಯಕ್ಕೆ ಬರೋಣ. ಆ ಪದ ಕನ್ನಡದ ಓದುಗರ ಕಿವಿಗೆ ಗಟ್ಟಿಯಾಗಿ ಬಿದ್ದದ್ದು 1986ರ ಚೆರ್ನೋಬಿಲ್ ದುರಂತದ ಸುದ್ದಿಯಲ್ಲಿ ಮತ್ತು ಕೈಗಾ ಅಣುಸ್ಥಾವರದ ವಿರುದ್ಧದ ಚಳವಳಿಯಲ್ಲಿ. ಹೀಗಾಗಿ ವಿಕಿರಣವೆಂದರೆ ಅಣುಬಾಂಬು ಎಂಬ ನಂಟು ಮನಸ್ಸಿನಲ್ಲಿ ಅಂಟಿಕೊಂಡಿತು. ವಿಜ್ಞಾನದ ಮಾತಿನಲ್ಲಿ ಬಿಸಿಲೂ ವಿಕಿರಣವೇ, ಆಕಾಶವಾಣಿಯ ಅಲೆಯೂ ವಿಕಿರಣವೇ. ಕ್ಷಕಿರಣ, ಗಾಮಾ ಕಿರಣಗಳಿಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯುವ ಕಸುವಿದೆ. ಜೀವಕೋಶ ಕೆಡುವುದು ಅದರಿಂದ. ಮೈಕ್ರೋವೇವಿಗೆ ಆ ಕಸುವಿಲ್ಲ. ಕಣ್ಣಿಗೆ ಕಾಣುವ ಬೆಳಕಿನ ಕಣದಷ್ಟು ಶಕ್ತಿಯೂ ಅದರ ಕಣಕ್ಕಿಲ್ಲ. ಅದು ಬಿಸಿ ಮಾಡಬಲ್ಲದು, ಅಷ್ಟೆ. ಸ್ವಿಚ್ ಆರಿದೊಡನೆ ಅಲೆಗಳು ಇಲ್ಲವಾಗುತ್ತವೆ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ ಆಹಾರದಲ್ಲೂ ಅವು ಉಳಿಯುವುದಿಲ್ಲ.

ಬಾಗಿಲಿನ ಗಾಜಿನೊಳಗೆ ಸಣ್ಣ ತೂತುಗಳ ಲೋಹದ ಜಾಲರಿ ಇರುತ್ತದೆ. ಬೆಳಕಿನ ಅಲೆ ಅತಿ ಸೂಕ್ಷ್ಮವಾದ್ದರಿಂದ ತೂತಿನಲ್ಲಿ ನುಸುಳಿ ಹೊರಬರುತ್ತದೆ, ಒಳಗಿನ ಇಡ್ಲಿ ಕಾಣಿಸುತ್ತದೆ. 12 ಸೆಂಟಿಮೀಟರಿನ ಅಲೆಗೆ ಆ ತೂತು ಗೋಡೆಯೇ ಸರಿ. ಅಮೆರಿಕದಲ್ಲಿ 1971ರಿಂದ ಇರುವ ನಿಯಮದ ಪ್ರಕಾರ ಒಲೆಯ ಆಯುಷ್ಯದುದ್ದಕ್ಕೂ, ಅದರಿಂದ ಐದು ಸೆಂಟಿಮೀಟರ್ ದೂರದಲ್ಲಿ, ಸೋರಿಕೆ ಚದರ ಸೆಂಟಿಮೀಟರಿಗೆ 5 ಮಿಲಿವಾಟ್ ಮೀರಬಾರದು. ದೂರ ಸರಿದಂತೆ ಅದೂ ಬೇಗ ಬೇಗ ಕುಗ್ಗುತ್ತದೆ. ಹಾಗೆಂದು ಬಾಗಿಲು ಸೊಟ್ಟಗಾದ, ತಿರುಗಣಿ ಸಡಿಲಾದ, ಜಾಲರಿ ಹರಿದ ಒಲೆಯನ್ನು ಬಳಸಬಹುದೆಂದಲ್ಲ. ಕಾವಲು ಇರುವುದೇ ಬಾಗಿಲಿನಲ್ಲಿ. ಅದು ಕೆಟ್ಟರೆ ಒಲೆಯೂ ಕೆಟ್ಟಂತೆ.

ಸೋರಿಕೆ ಎಂಬುದು ಎಷ್ಟು ಸೂಕ್ಷ್ಮವಾದೀತು ಎಂಬುದಕ್ಕೆ ಆಸ್ಟ್ರೇಲಿಯಾದಿಂದ ಒಂದು ಸ್ವಾರಸ್ಯದ ನಿದರ್ಶನ ಬಂದಿದೆ. ಅಲ್ಲಿನ ಪಾರ್ಕ್ಸ್ ರೇಡಿಯೋ ದೂರದರ್ಶಕಕ್ಕೆ 1998ರಿಂದ ಆಗಾಗ ವಿಚಿತ್ರ ಸಂಕೇತಗಳು ಸಿಗುತ್ತಿದ್ದವು. ಖಗೋಳಜ್ಞರು ತಲೆ ಕೆಡಿಸಿಕೊಂಡರು. 2015ರಲ್ಲಿ ಗುಟ್ಟು ಬಯಲಾಯಿತು: ಸಿಬ್ಬಂದಿ ಊಟ ಬಿಸಿಯಾಗುವವರೆಗೆ ಕಾಯುವ ತಾಳ್ಮೆಯಿಲ್ಲದೆ ಮೈಕ್ರೋವೇವ್ ನಿಲ್ಲುವ ಮೊದಲೇ ಬಾಗಿಲು ಎಳೆಯುತ್ತಿದ್ದರು. ಮ್ಯಾಗ್ನೆಟ್ರಾನ್ ಆರುವ ಆ ಕ್ಷಣದಲ್ಲಿ ಹೊರನುಸುಳಿದ ಚೂರು ಅಲೆ ಆಕಾಶದ ಸಂಕೇತದ ವೇಷ ಹಾಕಿತ್ತು. ಅದರಿಂದ ಯಾರಿಗೂ ಅಪಾಯವಾಗಲಿಲ್ಲ. ದೂರದರ್ಶಕದ ಕಿವಿ ಅಷ್ಟು ಚುರುಕು.

ಅಪಾಯ ನಿಜವಾಗಿ ಇರುವುದು ಒಂದು ಲೋಟ ನೀರಿನಲ್ಲಿ. ಒಲೆಯ ಮೇಲಿನ ಪಾತ್ರೆಯಲ್ಲಿ ತಳದಿಂದ ಗುಳ್ಳೆಯೆದ್ದು ನೀರು ಮಳ್ಳುವುದನ್ನು ಎಲ್ಲರೂ ಕಂಡಿದ್ದಾರೆ. ಗುಳ್ಳೆ ಹುಟ್ಟಲು ಒಂದು ಆಸರೆ ಬೇಕು: ಪಾತ್ರೆಯ ಗೀರು, ಒರಟು ತಳ, ಯಾವುದೋ ಕಣ. ನುಣುಪಾದ ಗಾಜಿನ ಲೋಟದಲ್ಲಿ ನೀರನ್ನು ಮೈಕ್ರೋವೇವಿನಲ್ಲಿ ಕಾಯಿಸಿದಾಗ ಆ ಆಸರೆ ಸಿಗದೆ, ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸದ್ದಿಲ್ಲದೆ ನಿಂತಿರಬಹುದು. ಹೊರಗೆ ತೆಗೆದು ಒಂದು ಚಮಚ ಕಾಫಿ ಪುಡಿ ಹಾಕಿದಿರೋ, ತಡೆದಿದ್ದ ಕುದಿತವೆಲ್ಲ ಒಂದೇ ಏಟಿಗೆ ಮೇಲೆದ್ದು ಮುಖಕ್ಕೂ ಕೈಗೂ ಎರಚುತ್ತದೆ. ಸುಟ್ಟು ಆಸ್ಪತ್ರೆ ಸೇರಿದವರಿದ್ದಾರೆ. ತಪ್ಪಿಸುವುದು ಸುಲಭ. ಸಕ್ಕರೆಯನ್ನೋ ಪುಡಿಯನ್ನೋ ಮೊದಲೇ ಹಾಕುವುದು, ಇಲ್ಲವೇ ಮರದ ಚಮಚವೊಂದನ್ನು ಲೋಟದೊಳಗೇ ಬಿಡುವುದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇಡದಿರುವುದು, ನಿಂತ ಮೇಲೆ ಅರ್ಧ ನಿಮಿಷ ಹಾಗೇ ಬಿಟ್ಟು ತೆಗೆಯುವುದು.

ಮೊಟ್ಟೆಯದೂ ಇದೇ ಜಾತಿಯ ತೊಂದರೆ. ಚಿಪ್ಪಿನೊಳಗೆ ಹಬೆ ಕೂಡಿಕೊಂಡು ಸಿಡಿಯುತ್ತದೆ. ಚಿಪ್ಪು ಸುಲಿದ ಬೇಯಿಸಿದ ಮೊಟ್ಟೆಯನ್ನು ಮತ್ತೆ ಬಿಸಿಮಾಡಿದರೂ ಸಿಡಿಯಬಹುದು, ಅದೂ ಕೆಲವೊಮ್ಮೆ ಬಾಯಿಗಿಟ್ಟಾಗ. ಆಲೂಗೆಡ್ಡೆ, ಬದನೆಕಾಯಿಗಳಿಗೆ ಮುಳ್ಳುಚಮಚದಿಂದ ನಾಲ್ಕಾರು ಕಡೆ ಚುಚ್ಚಿಯೇ ಇಡಬೇಕು. ಗಟ್ಟಿ ಮುಚ್ಚಳದ ಡಬ್ಬಿಗೂ ಇದೇ ನ್ಯಾಯ.

ಮಗುವಿನ ಹಾಲನ್ನಂತೂ ಇದರಲ್ಲಿ ಬಿಸಿಮಾಡಲೇ ಬಾರದು. ಬಾಟಲಿಯ ಹೊರಮೈ ಉಗುರುಬೆಚ್ಚಗಿದ್ದು ಒಳಗೆ ಒಂದು ಕಡೆ ಹಾಲು ಬಾಯಿ ಸುಡುವಷ್ಟು ಕಾದಿರುತ್ತದೆ. ಮೊದಲ ಗುಟುಕಿನಲ್ಲೇ ಎಳೆಯ ನಾಲಗೆಗೆ ಅದು ಸಿಕ್ಕರೆ ಹೇಳಲು ಮಗುವಿಗೆ ಮಾತೂ ಬಾರದು. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿಯನ್ನು ನಿಲ್ಲಿಸುವ ಅಜ್ಜಿಯರ ಪದ್ಧತಿಗೆ ಇಲ್ಲಿ ಸಾಟಿಯಿಲ್ಲ.

ರಾತ್ರಿಯ ಅನ್ನದ ವಿಚಾರದಲ್ಲಿ ಹೆಚ್ಚಿನವರು ಎಡವುತ್ತಾರೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನವನ್ನು ಕಟ್ಟೆಯ ಮೇಲೆ ಹಾಗೇ ಬಿಟ್ಟರೆ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿಮಾಡಿದರೂ ಹೋಗದು. ‘ಮೈಕ್ರೋವೇವಿನಲ್ಲಿಟ್ಟರೆ ಎಲ್ಲ ಸರಿಹೋಗುತ್ತೆ’ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಬೆಂದ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದದ್ದು ಅಷ್ಟರೊಳಗೆ ಫ್ರಿಜ್ಜಿಗೆ ಹೋಗಬೇಕು. ಮರುದಿನ ಬಿಸಿಮಾಡುವಾಗ ನಡುಭಾಗವೂ 70 ಡಿಗ್ರಿ ಮುಟ್ಟಬೇಕು, ಎಂದರೆ ಕಲಕಿ ನೋಡಿದಾಗ ಎಲ್ಲ ಕಡೆಯಿಂದಲೂ ಹಬೆಯಾಡಬೇಕು.

ಪಾತ್ರೆಯ ಪ್ರಶ್ನೆ ನಮ್ಮ ಮನೆಗಳಲ್ಲಿ ಕೊಂಚ ಕಷ್ಟದ್ದು, ಏಕೆಂದರೆ ನಮ್ಮದು ಸ್ಟೀಲಿನ ಸಂಸಾರ. ಸ್ಟೀಲ್ ಪಾತ್ರೆಯೊಳಕ್ಕೆ ಅಲೆ ಹೋಗುವುದೇ ತೆರೆದ ಬಾಯಿಯಿಂದ. ಮಿಕ್ಕದ್ದು ಮರಳಿ ಮ್ಯಾಗ್ನೆಟ್ರಾನಿಗೇ ಪೆಟ್ಟು. ಚೂಪು ಅಂಚು, ಮುದುಡಿದ ಅಲ್ಯೂಮಿನಿಯಂ ಹಾಳೆ, ಬಂಗಾರದ ಗೆರೆಯ ಪಿಂಗಾಣಿ ಬಟ್ಟಲುಗಳಲ್ಲಿ ಕಿಡಿ ಹಾರುತ್ತದೆ. ಶಾಖ ತಡೆಯುವ ಗಾಜು, ಗೆರೆಯಿಲ್ಲದ ಪಿಂಗಾಣಿ ಒಳ್ಳೆಯವು. ಮೆಲಮೈನ್ ತಟ್ಟೆ, ಐಸ್‌ಕ್ರೀಮಿನ ಖಾಲಿ ಡಬ್ಬಿ, ಹೋಟೆಲಿನಿಂದ ಸಾರು ತಂದ ತೆಳು ಪ್ಲಾಸ್ಟಿಕ್ ಇವು ಬೇಡ. ಜಿಡ್ಡಿನ ಪದಾರ್ಥ ನೀರಿಗಿಂತ ಹೆಚ್ಚು ಕಾದು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಪಿಂಗಾಣಿ, ಗಾಜಿನ ಬಟ್ಟಲಿನ ಬಗ್ಗೆ ಸಂದೇಹವಿದ್ದರೆ ಖಾಲಿ ಬಟ್ಟಲಿನ ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಬಟ್ಟಲು ತಣ್ಣಗಿದ್ದರೆ ಅದು ಪಾಸು. ಒಳಗೆ ಏನೂ ಇಲ್ಲದೆ ಒಲೆಯನ್ನು ಓಡಿಸುವಂತಿಲ್ಲ. ಹೀರುವವರಿಲ್ಲದ ಅಲೆ ಯಂತ್ರವನ್ನೇ ಸುಡುತ್ತದೆ.

ಬಳಕೆಯ ಜಾಣತನ ಒಂದು ಲೆಕ್ಕದಿಂದ ಶುರುವಾಗುತ್ತದೆ. ಇಡ್ಲಿ ಪಾತ್ರೆಯಲ್ಲಿ ನಾಲ್ಕು ಇಡ್ಲಿಗೂ ಹದಿನಾರು ಇಡ್ಲಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಮೈಕ್ರೋವೇವಿನಲ್ಲಿ ಹಾಗಲ್ಲ; ಇರುವ ಶಕ್ತಿಯನ್ನು ಎಲ್ಲವೂ ಹಂಚಿಕೊಳ್ಳಬೇಕು. ಇಮ್ಮಡಿ ಪದಾರ್ಥಕ್ಕೆ ಇಮ್ಮಡಿಯ ಸಮೀಪದ ಸಮಯ. ಆದ್ದರಿಂದ ಇದು ಇಬ್ಬರ ಮನೆಯ ಒಲೆ, ಮದುವೆ ಮನೆಯದಲ್ಲ. ಪದಾರ್ಥವನ್ನು ತಟ್ಟೆಯ ನಡುವೆ ಗುಡ್ಡೆ ಹಾಕದೆ ಸುತ್ತ ಬಳೆಯಂತೆ ಹರಡಬೇಕು. ಅರ್ಧದಲ್ಲಿ ನಿಲ್ಲಿಸಿ ಕಲಕಬೇಕು. ನಿಂತ ಮೇಲೆ ಒಂದೆರಡು ನಿಮಿಷ ಬಿಟ್ಟರೆ ಅಂಚಿನ ಬಿಸಿ ನಡುವಿಗೆ ಹರಿಯುತ್ತದೆ. ಇಡ್ಲಿಗೆ, ರಾಗಿಮುದ್ದೆಗೆ ನೀರು ಚಿಮುಕಿಸಿ ಮುಚ್ಚಿಟ್ಟರೆ ಮೆತ್ತಗಾಗುತ್ತವೆ. ಚಪಾತಿಗೆ ಹದಿನೈದು ಸೆಕೆಂಡು ಸಾಕು. ಮೀರಿದರೆ ಆರುವಷ್ಟರಲ್ಲಿ ಚರ್ಮ. ಸೊಪ್ಪು, ತರಕಾರಿಯನ್ನು ಎರಡು ಚಮಚ ನೀರಿನಲ್ಲಿ ಬೇಯಿಸಿದರೆ ಬಣ್ಣವೂ ಉಳಿದೀತು, ನೀರಿನಲ್ಲಿ ಕರಗಿಹೋಗುವ ಸಿ ಜೀವಸತ್ವವೂ ಹೆಚ್ಚು ಉಳಿದೀತು. ಸತ್ವ ಹೋಗುತ್ತದೆಂಬ ದೂರಿಗೆ ಇದೇ ಉತ್ತರ.

‘ಕಡಿಮೆ ಪವರ್’ ಗುಂಡಿಯನ್ನು ಬಹುಮಂದಿ ಮುಟ್ಟುವುದೇ ಇಲ್ಲ. ಹೆಚ್ಚಿನ ಒಲೆಗಳಲ್ಲಿ ಅದು ಉರಿ ತಗ್ಗಿಸಿದಂತಲ್ಲ, ಮ್ಯಾಗ್ನೆಟ್ರಾನನ್ನು ಕೆಲ ಸೆಕೆಂಡು ಹಚ್ಚಿ ಕೆಲ ಸೆಕೆಂಡು ಆರಿಸುವುದು. ಆ ಬಿಡುವಿನಲ್ಲಿ ಬಿಸಿ ಹರಡುತ್ತದೆ. ಫ್ರೀಜರಿನಿಂದ ತೆಗೆದ ಪದಾರ್ಥಕ್ಕೆ ಇದು ತೀರಾ ಅವಶ್ಯ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ತಿರುಗಲಾಗದಂತೆ ಬಂಧಿಯಾಗಿರುವುದರಿಂದ ಅದು ಅಲೆಯನ್ನು ಅಷ್ಟಾಗಿ ಹೀರುವುದಿಲ್ಲ. ಮೊದಲು ಕರಗಿದ ಮೂಲೆಯೇ ಎಲ್ಲ ಶಕ್ತಿಯನ್ನೂ ಕಬಳಿಸಿ ಬೆಂದುಹೋಗುತ್ತದೆ, ಪಕ್ಕದಲ್ಲೇ ಕಲ್ಲು ಉಳಿಯುತ್ತದೆ.

ಇದರ ಕೈಯಲ್ಲಾಗದ ಕೆಲಸಗಳೂ ಇವೆ. ನೀರಿರುವವರೆಗೂ ಆಹಾರದ ಮೈ 100 ಡಿಗ್ರಿಯ ಸುತ್ತಲೇ ನಿಲ್ಲುತ್ತದೆ, ಸುತ್ತಲ ಗಾಳಿಯಂತೂ ತಣ್ಣಗೆ. ದೋಸೆ ಹೊಂಬಣ್ಣಕ್ಕೆ ತಿರುಗಲು, ಈರುಳ್ಳಿ ಘಮ್ಮೆನ್ನಲು 140 ಡಿಗ್ರಿಯಷ್ಟಾದರೂ ಬೇಕು. ಆದ್ದರಿಂದಲೇ ಕಾವಲಿಯ ಕೆಲಸವನ್ನು ಮೈಕ್ರೋವೇವ್ ಕಸಿಯಲಾರದು. ಸುರುಳಿ ತಂತಿ, ಫ್ಯಾನು ಜೋಡಿಸಿದ ‘ಕನ್ವೆಕ್ಷನ್’ ಮಾದರಿಗಳು ಕೇಕು, ಬ್ರೆಡ್ಡಿಗೆ ಒದಗುತ್ತವೆ. ಆಗ ಅದು ಹಳೆಯ ರೀತಿಯ ಓವನ್ನೇ ಆಗುತ್ತದೆ, ಲೋಹದ ತಟ್ಟೆಯನ್ನೂ ಇಡಬಹುದು. ಆದರೆ ಗುಂಡಿ ಬದಲಿಸುವ ಮೊದಲು ತಟ್ಟೆ ಬದಲಿಸಲು ಮರೆಯಬಾರದು. ಎಣ್ಣೆಯಲ್ಲಿ ಕರಿಯುವ ಸಾಹಸ ಮಾತ್ರ ಬೇಡ. ಎಣ್ಣೆ ಎಷ್ಟು ಕಾಯಿತೆಂದು ತಿಳಿಯುವ ದಾರಿಯಿಲ್ಲ, ಹತ್ತಿಕೊಂಡರೆ ಅಪಾಯ.

ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯಬಾರದು. ಗಾಳಿ ಸಿಕ್ಕರೆ ಉರಿ ಏಳುತ್ತದೆ. ಸ್ವಿಚ್ ಆರಿಸಿ ಕಾದರೆ ತಾನೇ ನಂದುತ್ತದೆ. 800 ವಾಟ್ ಬಿಸಿ ಕೊಡುವ ಒಲೆ ಗೋಡೆಯಿಂದ 1,200 ವಾಟಿನಷ್ಟು ಎಳೆಯುವುದರಿಂದ ಅದನ್ನು ದೊಡ್ಡ ಮೂರು ಪಿನ್ನಿನ, ಭೂಸಂಪರ್ಕ ಸರಿಯಿರುವ ಪ್ಲಗ್ಗಿಗೇ ಹಾಕಬೇಕು. ಕೆಟ್ಟಾಗ ಮನೆಯವರು ಸ್ಕ್ರೂ ಬಿಚ್ಚುವ ಹವ್ಯಾಸ ಇದರಲ್ಲಿ ಪ್ರಾಣಾಂತಿಕ. ಒಳಗಿನ ಕೆಪಾಸಿಟರಿನಲ್ಲಿ ವೈರು ಕಿತ್ತ ಮೇಲೂ ಸಾವಿರಾರು ವೋಲ್ಟಿನ ವಿದ್ಯುತ್ತು ಅಡಗಿರಬಹುದು. ಮಿಕ್ಸಿಯನ್ನು ಬಿಚ್ಚಿ ಜೋಡಿಸಿದ ಧೈರ್ಯ ಇಲ್ಲಿಗೆ ಸಲ್ಲದು.

ಗೋಡೆಗೆ ಸಿಡಿದ ಸಾರಿನ ಹನಿಗಳನ್ನು ಹಾಗೇ ಬಿಟ್ಟರೆ ಅವೂ ಪ್ರತಿ ಸಲ ಅಲೆ ಹೀರಿ ಕರಿಕಲಾಗುತ್ತವೆ, ಬಾಗಿಲಿನ ಅಂಚಿನಲ್ಲಿ ಕಟ್ಟಿಕೊಂಡು ಅದು ಸರಿಯಾಗಿ ಕೂರದಂತೆಯೂ ಮಾಡುತ್ತವೆ. ಒಂದು ಬಟ್ಟಲು ನೀರಿಗೆ ನಿಂಬೆಯ ಹೋಳು ಹಿಂಡಿ ಸಿಪ್ಪೆಯನ್ನೂ ಒಳಗೆ ಬಿಟ್ಟು ಮೂರು ನಿಮಿಷ ಓಡಿಸಿ, ಐದು ನಿಮಿಷ ಬಾಗಿಲು ತೆರೆಯದೆ ಬಿಟ್ಟರೆ ಹಬೆಯಲ್ಲಿ ನೆನೆದ ಜಿಡ್ಡು ಒದ್ದೆ ಬಟ್ಟೆಗೆ ಸುಲಭವಾಗಿ ಬರುತ್ತದೆ. ಉಕ್ಕಿನ ನಾರು ಮಾತ್ರ ಬೇಡ. ಅದರ ಒಂದು ಎಳೆ ಒಳಗೆ ಉಳಿದರೂ ಮುಂದಿನ ಸಲ ಕಿಡಿ ಹಾರುವುದು ಅಲ್ಲಿಂದಲೇ.